ನಿಂತ ತಾಟುಗಳು

ಪೂರ್ತಿ ಸತ್ತ ರೋಬೋಟಿನಿಂದ ಹಿಂಡಿಗೆ ತೊಂದರೆಯಿಲ್ಲ. ಅದು ನೆಲದ ಮೇಲೆ ಬಿದ್ದ ಕಲ್ಲಿನ ಹಾಗೆ, ಉಳಿದವು ಸುತ್ತಿ ಹೋಗುತ್ತವೆ. ತೊಂದರೆ ಕೊಡುವುದು ಅರ್ಧ ಕೆಟ್ಟದ್ದು. ಚಕ್ರ ನಿಂತಿರುತ್ತದೆ, ಆದರೆ ಒಳಗಿನ ರೇಡಿಯೋ 'ಇದ್ದೇನೆ, ಬರುತ್ತಿದ್ದೇನೆ' ಎನ್ನುತ್ತಲೇ ಇರುತ್ತದೆ. ಪಕ್ಕದವು ಆ ಮಾತನ್ನು ನಂಬಿ ಅದಕ್ಕೆ ದಾರಿ ಬಿಟ್ಟು ಕಾಯುತ್ತವೆ. ಅವುಗಳ ಪಕ್ಕದವು ಅವಕ್ಕಾಗಿ ಕಾಯುತ್ತವೆ. ಎರಡು ಮೂರು ಗಂಟೆಯೊಳಗೆ ಇಡೀ ನೆಲ ನಿಂತುಬಿಡುತ್ತದೆ. ಕೆಟ್ಟದ್ದು ಒಂದೇ ಆಗಿದ್ದರೂ ನೋಡುವವರಿಗೆ ಯಾವುದೆಂದು ತಿಳಿಯುವುದಿಲ್ಲ.

ಈ ಒಂದು ಸಮಸ್ಯೆಯ ಮೇಲೆ ನಾನು ಮೂರು ವರ್ಷ ಕೆಲಸ ಮಾಡಿದೆ. ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ, ಪರದೆಯ ಮೇಲಿನ ಚುಕ್ಕಿಗಳ ಜೊತೆ. ಆಮೇಲೆ ಒಂದು ವರ್ಷ ವಿಕ್ರೋಳಿಯ ಒಂದು ಗಾಲಾದಲ್ಲಿ, ಅಂದರೆ ಗೋದಾಮಿನಂಥ ಶೆಡ್ಡಿನಲ್ಲಿ, ತಗಡಿನ ಮಾಡಿನ ಕೆಳಗೆ, ನಿಜವಾದ ಇನ್ನೂರು ರೋಬೋಟ್‌ಗಳ ಜೊತೆ. ಅದು ಇಪ್ಪತ್ತು ಜನರ ಸಣ್ಣ ಕಂಪನಿ. ನನ್ನ ಕೆಲಸದಿಂದಾಗಿ ಅಲ್ಲಿ ಹನ್ನೊಂದು ಹೆಂಗಸರ ಕೆಲಸ ಹೋಯಿತು. ಅದು ಹೇಗೆ ಹೋಯಿತೆಂದು ಪೂರ್ತಿ ಗೊತ್ತಿದ್ದು ಬರೆಯಬಲ್ಲವಳು ನಾನೊಬ್ಬಳೇ, ಆದ್ದರಿಂದ ಬರೆದಿಡುತ್ತಿದ್ದೇನೆ.

ಕೆಲಸ ಇಷ್ಟು. ಅಂಗಡಿಗಳಿಂದ ಬಂದ ಪೊಟ್ಟಣಗಳನ್ನು ಊರಿನ ಯಾವ ಭಾಗಕ್ಕೆ ಹೋಗಬೇಕೋ ಆ ಚೀಲಕ್ಕೆ ಹಾಕಬೇಕು. ಗಾಲಾದ ಒಂದು ಬದಿಗೆ ಉದ್ದದ ಮೇಜು, ಇನ್ನೊಂದು ಬದಿಗೆ ನೆಲದಲ್ಲಿ ತೋಡಿದ ಕಾಲುವೆ, ಅದರೊಳಗೆ ಬಾಯಿ ತೆರೆದ ಚೀಲಗಳು. ನಡುವೆ ನುಣುಪಾದ ಬೂದು ನೆಲ. ಊಟದ ತಟ್ಟೆಯಷ್ಟು ಅಗಲದ ಚಪ್ಪಟೆ ರೋಬೋಟ್ ಮೇಜಿನ ಬಳಿ ಬಂದು ನಿಲ್ಲುತ್ತದೆ, ಹೆಂಗಸರು ಬಗ್ಗಿ ಅದರ ಮೇಲೆ ಪೊಟ್ಟಣ ಇಡುತ್ತಾರೆ, ಅದು ನೆಲ ದಾಟಿ ಹೋಗಿ ಸರಿಯಾದ ಚೀಲಕ್ಕೆ ಓರೆಯಾಗಿ ಸುರಿದು ಬರುತ್ತದೆ. ಅವಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ. ಪ್ರತಿಯೊಂದೂ ತನ್ನ ಹತ್ತಿರದ ಐದಾರನ್ನು ಮಾತ್ರ ಬಲ್ಲದು. ಹೆಂಗಸರು ಅವನ್ನು ತಾಟು ಎನ್ನುತ್ತಿದ್ದರು. ಸ್ವಲ್ಪ ದಿನಕ್ಕೆ ನಾನೂ ಮನಸ್ಸಿನಲ್ಲಿ ಹಾಗೇ ಕರೆಯತೊಡಗಿದೆ.

ಹನ್ನೊಂದು ಜನರಲ್ಲಿ ಹಿರಿಯಳು ವಿಜಯಪುರದ ಕಡೆಯವಳು. ಎಲ್ಲರೂ ಅವಳನ್ನು ಮಾವಶಿ, ಮರಾಠಿಯಲ್ಲಿ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು, ನಾನೂ ಕರೆದೆ. ಮದುವೆಯಾಗಿ ಕುರ್ಲಾಕ್ಕೆ ಬಂದವಳು, ಮೂವತ್ತು ವರ್ಷದಿಂದ ಅಲ್ಲೇ ಒಂದು ಚಾಳಿನ ಕೋಣೆಯಲ್ಲಿದ್ದವಳು. ಮೊದಲ ಮೂರು ತಿಂಗಳು ನಮ್ಮಿಬ್ಬರ ಮಾತು ಹಿಂದಿಯಲ್ಲೇ ನಡೆದಿತ್ತು, ಅದೂ ದಿನಕ್ಕೆ ಎರಡು ವಾಕ್ಯ. ಒಂದು ಮಧ್ಯಾಹ್ನ ನಾನು ಫೋನಿನಲ್ಲಿ ಅಮ್ಮನಿಗೆ, ಬರುವುದು ತಡವಾಗುತ್ತದೆ, ನೀನು ಊಟ ಮಾಡು ಎಂದು ಹೇಳಿ ತಿರುಗಿದಾಗ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನೀ ಕನ್ನಡದಾಕಿ?"

"ಹೌದು. ಉಡುಪಿ ಕಡೆಯವರು. ಈಗ ಮಲಾಡ್."

"ಮೂರು ತಿಂಗಳಾತು, ನಿನ್ನ ಜೋಡಿ ಹರಕು ಹಿಂದಿ ಮಾತಾಡಿ ನನ್ನ ನಾಲಿಗಿ ತೊಡರಿ ಹೋತು. ಬಾಯಿ ಬಿಟ್ಟ ಹೇಳಬಾರದೇನ?"

"ನೀವು ಕೇಳಲಿಲ್ಲ."

"ಕೇಳಿದ್ರ ಕೇಳಿದಷ್ಟ ಹೇಳಾಕಿ ನೀ," ಎಂದಳು. ಅದನ್ನೇ ಮರಾಠಿಯಲ್ಲಿ ಉಳಿದವರಿಗೂ ಹೇಳಿದಳು. ಮೇಜಿನುದ್ದಕ್ಕೂ ನಗು ಹರಿಯಿತು.

ಅಂದಿನಿಂದ ಸಂಜೆ ನಾವಿಬ್ಬರೂ ಒಂದೇ ಲೋಕಲ್‌ಗೆ ಹತ್ತುತ್ತಿದ್ದೆವು. ವಿಕ್ರೋಳಿಯಿಂದ ಘಾಟ್ಕೋಪರ್‌ಗೆ ಒಂದೇ ಸ್ಟೇಷನ್. ನಾನು ಅಲ್ಲಿಳಿದು ಮೆಟ್ರೋ ಹಿಡಿದು ಅಂಧೇರಿಗೆ, ಅಲ್ಲಿಂದ ಮಲಾಡ್‌ಗೆ ಹೋಗಬೇಕು. ಅವಳು ಮುಂದೆ ಕುರ್ಲಾದವರೆಗೆ. ಆ ಐದು ನಿಮಿಷದಲ್ಲಿ ಮಾತೆಲ್ಲ ಅವಳದೇ. ಇದಕ್ಕೆ ಮೊದಲು ಅವಳು ನಾಲ್ಕು ಮನೆಗಳಲ್ಲಿ ನೆಲ ಒರೆಸುತ್ತಿದ್ದಳು. ಎರಡೂ ಮೊಣಕಾಲು ಹೋಗಿದ್ದವು. ಕುಕ್ಕುರುಗಾಲಲ್ಲಿ ಕೂತರೆ ಯಾರಾದರೂ ಕೈಹಿಡಿದು ಎಬ್ಬಿಸಬೇಕು. ನಮ್ಮಲ್ಲಿನ ಕೆಲಸ ನಿಂತು ಮಾಡುವುದು, ಬಗ್ಗಿದರೂ ಸೊಂಟದಿಂದ ಬಗ್ಗಿದರೆ ಸಾಕು. "ನೆಲಕ್ಕ ಕೂಡೂದು ತಪ್ಪಿತಲ್ಲ ತಂಗಿ, ನನಗ ಅಷ್ಟ ಬೇಕಾಗಿತ್ತು" ಎನ್ನುತ್ತಿದ್ದಳು. ಫೋಟೋ ಇದ್ದ ಗುರುತಿನ ಕಾರ್ಡು ನೀಲಿ ದಾರದಲ್ಲಿ ಅವಳ ಕುತ್ತಿಗೆಯಲ್ಲಿರುತ್ತಿತ್ತು. ಗಾಲಾದಿಂದ ಹೊರಬಿದ್ದ ಮೇಲೂ ಅದನ್ನು ಸೆರಗಿನೊಳಗೆ ಸೇರಿಸುತ್ತಿರಲಿಲ್ಲ.

ಒಂದು ದಿನ ಲೋಕಲ್ ರೈಲಿನ ಬಾಗಿಲ ಬಳಿ ಜನ ಒತ್ತಿ ನಿಂತಿದ್ದಾಗ ಅವಳೆಂದಳು: "ನಿನ್ನ ತಾಟುಗೋಳನ್ನ ಒಂದಿನ ಲೇಡೀಸ್ ಡಬ್ಬಿಗೆ ಹತ್ತಿಸು. ಸರಿಯೂದು ತಾವ ಕಲೀತಾವ."

"ಇಲ್ಲಿ ಯಾರೂ ಸರಿಯುತ್ತಿಲ್ಲವಲ್ಲ ಮಾವಶಿ."

"ಸರೀತಾರ. ನೀ ದಬ್ಬಾಕ ಸಂಕೋಚ ಮಾಡ್ಕೋತಿ. ಮೊಣಕೈ ಹಚ್ಚು."

ಹಿಂಡಿಗೆ ನಾನು ಕಲಿಸಿದ ಉಪಾಯವೂ ಹೆಚ್ಚುಕಡಿಮೆ ಅದೇ. ಯಾವುದಾದರೂ ತಾಟು ಬಹಳ ಹೊತ್ತು ಕದಲದೆ ನಿಂತರೆ ನೆರೆಯವು ಅದನ್ನು ಶಂಕಿಸಬೇಕು. ಮೂರು ನೆರೆಯವು ಒಟ್ಟಾಗಿ ಹೇಳಿದರೆ ಅದು ತನ್ನನ್ನು ತಾನೇ ನಂದಿಸಿಕೊಂಡು ಮತ್ತೆ ಹೊತ್ತಿಸಿಕೊಳ್ಳಬೇಕು. ಸಾಮಾನ್ಯವಾಗಿ ಚಕ್ರಕ್ಕೆ ಪೊಟ್ಟಣದ ಅಂಟುಪಟ್ಟಿ ಸುತ್ತಿಕೊಂಡು ಅವು ನಿಲ್ಲುತ್ತಿದ್ದವು. ಮತ್ತೆ ಹೊತ್ತಿಕೊಳ್ಳುವಾಗ ಚಕ್ರ ಒಮ್ಮೆ ಹಿಂದಕ್ಕೆ ಜಗ್ಗುತ್ತದೆ, ಪಟ್ಟಿ ಹರಿಯುತ್ತದೆ, ತಾಟು ಹೊರಡುತ್ತದೆ. ಯಾರನ್ನು ನಂಬಬೇಕು ಎನ್ನುವುದಕ್ಕೂ ಒಂದು ನಿಯಮ ಬರೆದಿದ್ದೆ: ತಾನೇ ನಿಂತಿರುವ ತಾಟಿನ ಮಾತನ್ನು ಎಣಿಕೆಗೆ ಹಿಡಿಯಬಾರದು. ಪರದೆಯ ಮೇಲೆ ಎಲ್ಲವೂ ನಡೆಯಿತು.

ಗಾಲಾದಲ್ಲಿ ಮೂರು ವಾರದ ಪರೀಕ್ಷೆ ಶುರುವಾಗುವ ಮೊದಲೇ, ಹೆಂಗಸರ ಬದಲು ತಾನೇ ಪೊಟ್ಟಣ ಇಡುವ ಬೆಲ್ಟ್ ಬಂದಿತ್ತು. ಪ್ಲಾಸ್ಟಿಕ್ ಹೊದಿಕೆಯಲ್ಲಿ ಮೂಲೆಯಲ್ಲಿ ನಿಂತಿತ್ತು. ಹೆಂಗಸರು ತಮ್ಮ ಊಟದ ಡಬ್ಬಿಗಳನ್ನು ಅದರ ಮೇಲೆಯೇ ಇಡುತ್ತಿದ್ದರು. ಅದು ಯಾತಕ್ಕೆಂದು ಎಲ್ಲರಿಗೂ ಗೊತ್ತಿತ್ತು. ಹೆಂಗಸರನ್ನು ಇನ್ನೂ ಇಟ್ಟುಕೊಂಡದ್ದಕ್ಕೆ ಕಾರಣ ಒಂದೇ: ನೆಲ ನಿಂತುಹೋದರೆ ಪೊಟ್ಟಣಗಳನ್ನು ಕೈಯಲ್ಲಿ ಹೊತ್ತು ಹಾಕಲು ಜನ ಬೇಕು. ನೆಲ ನಿಲ್ಲುವುದಿಲ್ಲವೆಂದು ನನ್ನ ವರದಿ ಹೇಳಿದರೆ ಜನ ಬೇಡ.

ಎರಡು ಸಂಗತಿ ಇಲ್ಲಿ ಹೇಳಬೇಕು. ಎರಡೂ ನಾನು ಮಾಡಿದ್ದು.

ಮಾಡಿನ ಕೆಳಗೆ ನೆಲವನ್ನೆಲ್ಲ ನೋಡುವ ಕ್ಯಾಮೆರಾ ಹಾಕಿಸಿದ್ದೆ. ಮೊದಲ ವಾರ ಅದರ ಕೆಳಗೆ ಹಾದು ಹೋಗುವಾಗ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ತಲೆ ಬಗ್ಗಿಸುತ್ತಿದ್ದರು. ಅದನ್ನು ಯಾರು ನೋಡುತ್ತಾರೆಂದು ಒಬ್ಬಳು ಕೇಳಿದಳು. ಯಾರಾದರೂ ನನ್ನನ್ನು ನೋಡುತ್ತಿದ್ದರೆ ನನಗೆ ಕೆಲಸವೇ ಸಾಗುವುದಿಲ್ಲ. ಹಾಗಾಗಿ ಅಂದು ಸಂಜೆಯೇ ಕೂತು, ಚಿತ್ರದಲ್ಲಿ ಮನುಷ್ಯರ ಆಕಾರ ಬಂದಲ್ಲೆಲ್ಲ ಬೂದು ಬಣ್ಣ ತುಂಬುವ ಹಾಗೆ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಯಾರೂ ಕಾಣುವುದಿಲ್ಲ, ಬರೀ ತಾಟುಗಳು ಕಾಣುತ್ತವೆ ಎಂದು ಅವರಿಗೆ ಪರದೆ ತೋರಿಸಿದೆ. ಆ ವಾರ ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಮ್ಮೆ ತಂದದ್ದು ಅದೊಂದೇ.

ಎರಡನೆಯದು ಇನ್ನೂ ಚಿಕ್ಕದು. ಪ್ರತಿ ತಾಟಿನ ಅಂಚಿನಲ್ಲಿ ನಾಣ್ಯದಷ್ಟು ಒಂದು ಲೋಹದ ಬಿಲ್ಲೆ ಇತ್ತು. ಜೋಡಿಸುವಾಗ ಬೆರಳಿಂದ ಮುಟ್ಟಿದರೆ ಆರಿ ಹೊತ್ತಿಕೊಳ್ಳಲೆಂದು ಇಟ್ಟದ್ದು. ಮನುಷ್ಯರ ಚರ್ಮ ತಗುಲಿದರೆ ಮಾತ್ರ ಅದಕ್ಕೆ ತಿಳಿಯುತ್ತದೆ. ಅದನ್ನು ತೆಗೆಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ಹೆಂಗಸರಿಗೆ ಅದರ ವಿಷಯ ಯಾರೂ ಹೇಳಿರಲಿಲ್ಲ. ತಾಟು ಮತ್ತೆ ಹೊತ್ತಿಕೊಂಡಾಗಲೆಲ್ಲ ದಾಖಲೆಯಲ್ಲಿ ಒಂದು ಸಂಖ್ಯೆ ಬೀಳುತ್ತಿತ್ತು. ನೆರೆಯವು ಹೇಳಿ ಹೊತ್ತಿಕೊಂಡದ್ದಕ್ಕೂ ಬೆರಳು ತಾಗಿ ಹೊತ್ತಿಕೊಂಡದ್ದಕ್ಕೂ ನಾನು ಒಂದೇ ಸಂಖ್ಯೆ ಕೊಟ್ಟಿದ್ದೆ. ಬೇರೆ ಮಾಡಲು ಎರಡು ನಿಮಿಷ ಸಾಕಿತ್ತು. ಯಾರು ಮುಟ್ಟುತ್ತಾರೆ ಎಂದುಕೊಂಡೆ.

ಮೂರು ವಾರವೂ ನೆಲ ಒಮ್ಮೆಯೂ ಹೆಪ್ಪುಗಟ್ಟಲಿಲ್ಲ. ಅಲ್ಲೊಂದು ಇಲ್ಲೊಂದು ತಾಟು ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಹೊರಡುತ್ತಿತ್ತು, ದಾಖಲೆಯಲ್ಲಿ ಸಂಖ್ಯೆ ಬೀಳುತ್ತಿತ್ತು. ನಮ್ಮ ಮುಖ್ಯಸ್ಥರು ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಒಳ್ಳೆಯ ಮನುಷ್ಯ. ಆ ಅಂಕಿಗಳನ್ನು ಅವರು ಎರಡು ಸಲ ನೋಡಿದರು. "ಇದನ್ನೇ ಒಂದು ವಾಕ್ಯದಲ್ಲಿ ಬರೆ," ಎಂದರು. ನಾನು ಬರೆದೆ: ಕೆಲವು ಘಟಕಗಳು ಕೆಟ್ಟರೂ ಮನುಷ್ಯರ ನೆರವಿಲ್ಲದೆ ಹಿಂಡು ತಾನಾಗಿ ಚೇತರಿಸಿಕೊಳ್ಳುತ್ತದೆ.

ಅಂದು ಲೋಕಲ್‌ನಲ್ಲಿ ಮಾವಶಿ ಕೇಳಿದಳು. "ನಿನ್ನ ಪರೀಕ್ಷಾ ಮುಗೀತಂತ."

"ಮುಗಿಯಿತು."

"ಪಾಸಾತು?"

"ಆಯಿತು."

"ನಮ್ಮನ್ನ ತೆಗೀತಾರೇನ?"

"ನನಗೆ ಗೊತ್ತಿಲ್ಲ ಮಾವಶಿ. ಅದನ್ನು ನಾನು ನಿರ್ಧರಿಸುವುದಿಲ್ಲ."

ಎರಡೂ ವಾಕ್ಯಗಳಲ್ಲಿ ತಪ್ಪಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ಆಮೇಲೆ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತ ಹೊರಗೆ ನೋಡಿದಳು. ಘಾಟ್ಕೋಪರ್ ಬಂತು, ನಾನು ಇಳಿದೆ.

ತಿಂಗಳ ಕೊನೆಗೆ, ಹೆಂಗಸರನ್ನು ಕೆಲಸಕ್ಕೆ ಹಚ್ಚಿದ್ದ ಕಾಂಟ್ರಾಕ್ಟರು ಬಂದು ಹನ್ನೊಂದು ಜನರಿಗೂ ಒಟ್ಟಿಗೆ ಹೇಳಿದ. ಯಾರೂ ಜಗಳಾಡಲಿಲ್ಲ. ಕೊನೆಯ ದಿನ ಅವರು ಬೆಲ್ಟಿನ ಮೇಲಿಂದ ಡಬ್ಬಿಗಳನ್ನು ಎತ್ತಿಕೊಂಡರು, ಕಾರ್ಡು ಬಿಚ್ಚಿ ಕೊಟ್ಟರು. ಮಾವಶಿಗೆ ನೀರಿನ ಬಾಟಲಿ ನೆನಪಾಯಿತು. ಕುಡಿಯುವ ನೀರಿನ ಫಿಲ್ಟರ್ ನೆಲದ ಆಚೆ ಬದಿಗಿತ್ತು. ತಾಟುಗಳು ಓಡಾಡುವಾಗ ಹಳದಿ ಗೆರೆ ದಾಟಬಾರದೆಂದು ಬೋರ್ಡು ಇದ್ದರೂ ಸುತ್ತಿ ಹೋಗಲು ಲಾರಿ ನಿಲ್ಲುವ ಕಡೆಯಿಂದ ಹೋಗಬೇಕಾದ್ದರಿಂದ ಎಲ್ಲರೂ ನೆಲದ ಮೇಲೆಯೇ ದಾಟುತ್ತಿದ್ದರು. ನಾನೂ ನೋಡಿ ಸುಮ್ಮನಿರುತ್ತಿದ್ದೆ. ತಾಟುಗಳು ಕಾಲುಗಳನ್ನು ತಪ್ಪಿಸಿ ಹೋಗುತ್ತಿದ್ದವು. ಹಿಂಡಿಗೆ ಇದೂ ಒಂದು ಪರೀಕ್ಷೆ ಎಂದುಕೊಂಡಿದ್ದೆ.

ಅವಳು ಬಾಟಲಿ ಹಿಡಿದು ವಾಪಸು ಬರುತ್ತಿದ್ದಳು. ಓಡುವ ತಾಟುಗಳು ಅವಳ ಚಪ್ಪಲಿಯ ಎರಡೂ ಬದಿಗೆ ಸೀಳಿ ಹೋದವು. ಒಂದು ಮಾತ್ರ ನಿಂತಿತ್ತು. ಅವಳ ಕಾಲು ಅದಕ್ಕೆ ತಾಗಿತು. ಅವಳು ತಕ್ಷಣ ಬಗ್ಗಿ, ಅದರ ಅಂಚಿನಲ್ಲಿ ಹೊಳೆಯುತ್ತಿದ್ದ ಬಿಲ್ಲೆಯನ್ನು ಬೆರಳ ತುದಿಯಿಂದ ಮುಟ್ಟಿ, ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಪುಸ್ತಕಕ್ಕೆ ಕಾಲು ತಾಗಿದರೆ ನನ್ನ ಅಮ್ಮ ಮಾಡುವ ಹಾಗೆ, ನಾನೂ ಮಾಡುವ ಹಾಗೆ. ಅವಳು ಮುಂದೆ ನಡೆದಳು. ಅವಳ ಹಿಂದೆ ಆ ತಾಟಿನ ದೀಪ ಆರಿತು, ಹೊತ್ತಿತು, ಚಕ್ರ ಒಮ್ಮೆ ಹಿಂದಕ್ಕೆ ಜಗ್ಗಿತು, ಹೊರಟಿತು.

ಅವರನ್ನು ಕಳಿಸಿಕೊಡಲು ನಾನು ಬಾಗಿಲವರೆಗೂ ಹೋಗಲಿಲ್ಲ.

ಮರುದಿನ ದಾಖಲೆಯನ್ನೆಲ್ಲ ಹೊತ್ತಿನ ಪ್ರಕಾರ ಜೋಡಿಸಿ ನೋಡಿದೆ. ಚೇತರಿಕೆಗಳು ಗುಂಪುಗುಂಪಾಗಿ ಬಿದ್ದಿದ್ದವು: ಬೆಳಗಿನ ಚಹಾದ ಆಚೀಚೆ, ಊಟಕ್ಕೆ ಮುಂಚೆ, ಊಟವಾದ ಮೇಲೆ, ಮೂರೂವರೆಗೆ. ಅವರು ನೀರಿಗೆ ಹೋಗುತ್ತಿದ್ದ ಹೊತ್ತು. ಕ್ಯಾಮೆರಾದ ಚಿತ್ರಗಳಲ್ಲಿ ನಿಂತ ತಾಟಿನ ಪಕ್ಕಕ್ಕೆ ಒಂದು ಬೂದು ಮಚ್ಚೆ ಬರುತ್ತದೆ, ಗಿಡ್ಡವಾಗುತ್ತದೆ, ಉದ್ದವಾಗುತ್ತದೆ, ಹೋಗುತ್ತದೆ, ತಾಟು ಹೊರಡುತ್ತದೆ. ಆ ಮಚ್ಚೆಯನ್ನು ನಾನು ನೂರು ಸಲ ನೋಡಿದ್ದೆ. ಓಡುವ ತಾಟು ಕಾಲಿನಿಂದ ತಪ್ಪಿಸಿಕೊಳ್ಳುತ್ತದೆ, ಆದ್ದರಿಂದ ಕಾಲು ತಾಗುವುದು ನಿಂತದ್ದಕ್ಕೆ ಮಾತ್ರ. ಕಾಲು ತಾಗಿದ್ದನ್ನು ಮಾತ್ರ ಅವರು ಮುಟ್ಟುತ್ತಿದ್ದರು. ಕೆಟ್ಟದ್ದನ್ನು ಹುಡುಕಿ ಸರಿಪಡಿಸುವ ಇಷ್ಟು ಚೊಕ್ಕ ಏರ್ಪಾಡನ್ನು ಯೋಚಿಸಿ ಕಟ್ಟಲು ನನ್ನಿಂದ ಆಗುತ್ತಿರಲಿಲ್ಲ.

ನನ್ನ ಸ್ವಂತ ಏರ್ಪಾಡು ಯಾಕೆ ನಡೆಯಲಿಲ್ಲ ಎನ್ನುವುದೂ ಅದೇ ದಿನ ಗೊತ್ತಾಯಿತು. ಪರದೆಯ ಮೇಲೆ ಚುಕ್ಕಿಗಳು ವಿರಳವಾಗಿದ್ದವು. ಗಾಲಾದಲ್ಲಿ ಒತ್ತಾಗಿದ್ದವು. ಒಂದು ನಿಂತಿತೆಂದು ನೆರೆಯವಕ್ಕೆ ಖಾತ್ರಿಯಾಗುವಷ್ಟರಲ್ಲಿ ಅವೂ ಅದಕ್ಕಾಗಿ ಕಾಯುತ್ತ ನಿಂತಿರುತ್ತಿದ್ದವು. ನಿಂತದ್ದರ ಮಾತು ಎಣಿಕೆಗಿಲ್ಲ ಎಂದು ನಾನೇ ಬರೆದಿದ್ದೆ. ಆದ್ದರಿಂದ ಯಾರ ಮಾತೂ ಎಣಿಕೆಗಿರಲಿಲ್ಲ.

ಮುಖ್ಯಸ್ಥರಿಗೆ ಹೇಳಿದೆ. ಅವರು ಬಾಗಿಲು ಮುಚ್ಚಿ ಕೇಳಿದರು. ಸಿಟ್ಟಾಗಲಿಲ್ಲ, ಅದೇ ಕಷ್ಟವಾದದ್ದು.

"ವರದಿ ಗ್ರಾಹಕರ ಕೈಸೇರಿದೆ. ಇನ್ನೂ ಮೂರು ಜಾಗಕ್ಕೆ ಇದನ್ನೇ ಬೇಕೆಂದಿದ್ದಾರೆ. ಈಗ ಏನು ಹೇಳಲಿ, ಹೆಂಗಸರು ನಮಸ್ಕಾರ ಮಾಡುತ್ತಿದ್ದರು, ಅದಕ್ಕೇ ನಡೆಯಿತು ಅಂತಲೇ?"

"ನಮಸ್ಕಾರ ಅಲ್ಲ. ಕ್ಷಮೆ ಕೇಳುವುದು."

"ಅದಿರಲಿ. ಸರಿಪಡಿಸಲು ಎಷ್ಟು ದಿನ ಬೇಕು?"

"ಗೊತ್ತಿಲ್ಲ. ಅಲ್ಲಿಯವರೆಗೆ ಅವರನ್ನು ವಾಪಸು ಕರೆಸಬಹುದು."

"ಯಾವ ಕೆಲಸಕ್ಕೆ ಅಂತ ಕರೆಸಲಿ?" ಎಂದರು. ಮೇಜಿನ ಜಾಗದಲ್ಲಿ ಬೆಲ್ಟ್ ಬಂದಿತ್ತು.

ಬೆಲ್ಟ್ ಹಾಕಿದ ಎರಡನೆಯ ದಿನವೇ ನೆಲ ಹೆಪ್ಪುಗಟ್ಟಿತು. ಇನ್ನೂರು ತಾಟು ತಲೆಯ ಮೇಲೆ ಪೊಟ್ಟಣ ಹೊತ್ತು ದೀಪ ಹೊತ್ತಿಸಿಕೊಂಡು ಕಾಯುತ್ತ ನಿಂತವು. ಪ್ರತಿಯೊಂದೂ ಬರುತ್ತಿದ್ದೇನೆ, ಬರುತ್ತಿದ್ದೇನೆ ಎನ್ನುತ್ತಿತ್ತು. ನಾನು ಚಪ್ಪಲಿ ಬಿಟ್ಟು ನೆಲಕ್ಕಿಳಿದು ಒಂದೊಂದನ್ನೇ ಮುಟ್ಟುತ್ತ ಹೋದೆ. ಇಡೀ ಮಧ್ಯಾಹ್ನ ಹಿಡಿಯಿತು.

ಕೊನೆಗೆ ನಾನು ಮಾಡಿದ ಪರಿಹಾರ ಹೇಳಲು ನಾಚಿಕೆ. ನೆರೆಯವರ ಅಭಿಪ್ರಾಯ, ಎಣಿಕೆ, ನಂಬಿಕೆ ಎಲ್ಲವನ್ನೂ ಕಿತ್ತು ಹಾಕಿದೆ. ಯಾವ ತಾಟೇ ಆಗಲಿ ಇಷ್ಟು ಹೊತ್ತು ಕದಲದಿದ್ದರೆ ಯಾರನ್ನೂ ಕೇಳದೆ ಆರಿ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡಾಗ ತಾನು ಹೊತ್ತದ್ದು ಎಲ್ಲಿಗೆಂದು ಮರೆಯುತ್ತದೆ, ಮತ್ತೆ ಬೆಲ್ಟಿನ ಬಳಿ ಹೋಗಿ ಕೇಳಿಕೊಂಡು ಬರುತ್ತದೆ. ಕೆಲಸ ನಿಧಾನ. ಪೊಟ್ಟಣಗಳು ಆಗಾಗ ತಪ್ಪು ಚೀಲ ಸೇರುತ್ತವೆ. ಆದರೂ ನಡೆಯುತ್ತದೆ, ಸಾಕೆನ್ನುವಷ್ಟು. ಹನ್ನೊಂದು ಜನರನ್ನು ಮತ್ತೆ ಕರೆಸುವಷ್ಟು ಕೆಟ್ಟಿಲ್ಲ. ಮುಟ್ಟಿಸಿಕೊಳ್ಳುವ ಬಿಲ್ಲೆಯ ಸಂಗತಿ ವರದಿಯ ಕೊನೆಯಲ್ಲಿ ತಿದ್ದುಪಡಿಯಾಗಿ ಸೇರಿತು. ಅದನ್ನು ಯಾರಾದರೂ ಓದಿದರೋ ತಿಳಿಯದು.

ಮಾವಶಿಯ ಫೋನ್ ನಂಬರ್ ನನ್ನ ಹತ್ತಿರವಿತ್ತು. ಫೋನ್ ಮಾಡಲು ಎರಡು ತಿಂಗಳು ಬೇಕಾಯಿತು. ಒಂದು ಭಾನುವಾರ ಮಧ್ಯಾಹ್ನ ಕುರ್ಲಾ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಕೇಳುತ್ತ ಹೋದೆ. ಅವಳು ಆಗಷ್ಟೇ ಕೆಲಸದಿಂದ ಬಂದಿದ್ದಳು. ಒಂದು ಏಳು ಮಾಳಿಗೆಯ ಬಿಲ್ಡಿಂಗಿನ ಮೆಟ್ಟಿಲು ಒರೆಸುವುದಂತೆ, ಮೇಲಿಂದ ಕೆಳಕ್ಕೆ, ಒಂದೊಂದು ಮೆಟ್ಟಿಲ ಮೇಲೂ ಕೂತು. ಎರಡೂ ಮೊಣಕಾಲಿಗೆ ಪಟ್ಟಿ ಸುತ್ತಿತ್ತು. ಕಾರ್ಡಿನ ನೀಲಿ ದಾರದಲ್ಲಿ ಈಗ ಮನೆಯ ಬೀಗದ ಕೈ ತೂಗುತ್ತಿತ್ತು.

"ಕಾರ್ಡ್ ಇಸ್ಕೊಂಡ್ರು, ದಾರ ಬಿಟ್ಟಾರ," ಎಂದಳು ನಾನು ನೋಡಿದ್ದನ್ನು ಕಂಡು. "ಕೂಡು. ಮಂಚದ ಮ್ಯಾಲೆ ಕೂಡು, ಕೆಳಗ ಕೂತ್ರ ನಾ ನಿನ್ನ ಜೋಡಿ ಕೂಡಬೇಕಾಗ್ತೈತಿ."

ಚಹಾ ಮಾಡಿಕೊಟ್ಟಳು. ನಾನು ಹೇಳಬೇಕೆಂದು ಮನೆಯಲ್ಲಿ ಜೋಡಿಸಿಕೊಂಡು ಬಂದಿದ್ದನ್ನು ಹೇಳಿದೆ. ಬಿಲ್ಲೆ, ಬೆರಳು, ಒಂದೇ ಸಂಖ್ಯೆ, ಬೂದು ಮಚ್ಚೆ.

"ಅಂದ್ರ ನಾವು ಮುಟ್ಟಿದ್ದಕ್ಕ ಅವು ನಡದ್ವು."

"ಹೌದು."

"ಅವು ನಡದದ್ದಕ್ಕ ನಮ್ಮನ್ನ ತಗದ್ರು."

"ಹೌದು ಮಾವಶಿ."

"ಈಗ ನೀ ಹೇಳಿದಿ. ಮತ್ತ ಕರೀತಾರೇನ?"

"ಇಲ್ಲ."

"ಹಂಗಿದ್ರ ನನಗ ಹೇಳಾಕ ಯಾಕ ಬಂದಿ?"

ಮೆಟ್ರೋದಲ್ಲಿ ಬರುವಾಗ ಈ ಪ್ರಶ್ನೆಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಉತ್ತರ ಯೋಚಿಸಿದ್ದೆ. ಹೊರಗೆ ಯಾರೋ ನಲ್ಲಿಯ ಕೆಳಗೆ ಬಕೆಟ್ ಇಟ್ಟರು, ತುಂಬಿತು, ಎತ್ತಿಕೊಂಡು ಹೋದರು.

"ಮೊದಲ ಹೇಳಿದ್ರ ಮುಟ್ತಿರಲಿಲ್ಲ," ಎಂದಳು ಅವಳು. ಆಮೇಲೆ ತಾನೇ ತಲೆಯಾಡಿಸಿದಳು. "ಅದೂ ಸುಳ್ಳ. ಕಾಲು ತಾಗಿದ ಮ್ಯಾಲೆ ಮುಟ್ಟದ ಹೆಂಗ ಹೋಗೂದು."

ಹೊರಡುವಾಗ ಅವಳು ಏಳಲಿಲ್ಲ. ಇನ್ನೊಮ್ಮೆ ಬಾ ಎಂದೂ ಹೇಳಲಿಲ್ಲ. ಫೋನ್ ಮಾಡಿದರೆ ಈಗ ಎತ್ತುವುದಿಲ್ಲ. ವಿಕ್ರೋಳಿಯಿಂದ ಘಾಟ್ಕೋಪರ್‌ಗೆ ಒಂದೇ ಸ್ಟೇಷನ್, ನಾನು ಬಾಗಿಲ ಬಳಿ ನಿಂತೇ ಹೋಗುತ್ತೇನೆ.

ನಾನಿನ್ನೂ ಅಲ್ಲೇ ಕೆಲಸ ಮಾಡುತ್ತೇನೆ. ಬೆರಳಿನಿಂದ ಮುಟ್ಟಿದ್ದಕ್ಕೆ ಈಗ ಬೇರೆ ಸಂಖ್ಯೆ ಕೊಟ್ಟಿದ್ದೇನೆ, ಅದಕ್ಕೆ ದಾಖಲೆಯಲ್ಲಿ ಪ್ರತ್ಯೇಕ ಸಾಲಿದೆ. ಮುಖ್ಯಸ್ಥರು ಒಮ್ಮೆ ನೋಡಿ, ಈ ಸಾಲು ಯಾತಕ್ಕೆ, ನೆಲದ ಮೇಲೆ ಯಾರೂ ಇಲ್ಲವಲ್ಲ ಎಂದರು. ತೆಗೆಯುತ್ತೇನೆ ಎಂದೆ, ತೆಗೆದಿಲ್ಲ. ಬೆಳಿಗ್ಗೆ ಬಂದ ತಕ್ಷಣ ಮೊದಲು ಅದನ್ನೇ ನೋಡುತ್ತೇನೆ. ದಿನವೂ ಸೊನ್ನೆ ಇರುತ್ತದೆ.